ಜೇನುಗಳಿಗೆ ಹೇಳಿದ ಸುದ್ದಿ

ಗೇಟಿನ ಆಚೆ ನಿಂತ ಓರಿನ್ ಥೇಯರ್ ನನ್ನ ಕ್ಷೇಮವನ್ನು ಕೇಳಲಿಲ್ಲ.

"ಪರ್ಸಿಸ್, ನಮ್ಮ ಜೇನುಗೂಡಿಗೆ ಕಪ್ಪು ಬಟ್ಟೆ ಕಟ್ಟಿದ್ದು ಯಾರು?"

ಅಮೆರಿಕದ ದಕ್ಷಿಣ ರಾಜ್ಯಗಳ ಮೇಲಿನ ಯುದ್ಧದಿಂದ ಅವನು ಮರಳಿ ವರ್ಷವಾಗಿತ್ತು. ಎಡತೋಳು ಅಲ್ಲೇ ಉಳಿದಿತ್ತು. ಕೋಟಿನ ಖಾಲಿ ತೋಳನ್ನು ಮಡಚಿ ಪಿನ್ನು ಹಾಕಿದ್ದ. ಪೇಟೆಯಲ್ಲಿ ಮತ್ತೆ ವಕೀಲಿ ಹಿಡಿದಿದ್ದ. ಅಂದು ಅಸೆಂಬ್ಲಿಗೆ ಗೆದ್ದಿದ್ದ. ಮೆರವಣಿಗೆಯ ವಾದ್ಯ ಇನ್ನೂ ಕೇಳುತ್ತಿತ್ತು. ಆದರೆ ಇಡೀ ವರ್ಷ ನಮ್ಮ ಓಣಿಗೆ ಕಾಲಿಟ್ಟಿರಲಿಲ್ಲ.

"ಅಮ್ಮ ಕಟ್ಟಿದ್ದು ಅಂದ್ಕೊಂಡಿದ್ದೆ. ಅವಳಲ್ಲವಂತೆ. ಇವತ್ತು ಹೇಳಿದಳು."

ನಮ್ಮ ವರ್ಮಾಂಟಿನಲ್ಲಿ ಮನೆಯಲ್ಲಿ ಸಾವಾದರೆ ಗೂಡಿಗೆ ಕಪ್ಪು ಬಟ್ಟೆ ಕಟ್ಟಿ, ಬೀಗದ ಕೈಯಿಂದ ತಟ್ಟಿ ಜೇನುಗಳಿಗೆ ತಿಳಿಸಬೇಕು. ಇಲ್ಲವಾದರೆ ಅವು ಹೊರಟುಹೋಗುತ್ತವೆ.

"ನಾನೇ," ಅಂದೆ. "ನೀನು ಸತ್ತೆ ಅಂತ ಪೇಪರಲ್ಲಿ ಬಂದಿತ್ತು. ನಿಮ್ಮಮ್ಮ ಹಾಸಿಗೆ ಹಿಡಿದಿದ್ರು."

"ಹೇಳೋರು ಮನೆಯವರೇ ಆಗಿರ್ಬೇಕಲ್ವಾ?"

ನನ್ನ ಕಿವಿ ಬಿಸಿಯಾಯಿತು. "ಪಾಟೀಸವಾಲು ಕೋರ್ಟಲ್ಲಿ ಇಟ್ಕೊಳ್ಳಿ ವಕೀಲ್ರೇ."

ಅವನ ತುಟಿಯಂಚಿಗೆ ಬಂದ ನಗು ಅಲ್ಲೇ ಆರಿತು.

"ಆ ಬಟ್ಟೆ ಬಿಚ್ಬೇಕು ಅನ್ನಿಸ್ಲೇ ಇಲ್ಲ. ಜೇನುಗಳಿಗೆ ಗೊತ್ತಿರೋದೇ ನಿಜ ಇರ್ಬೇಕು ಅಂದ್ಕೊಂಡೆ. ಭಾಷಣಕ್ಕೆ ನಿಂತ್ರೆ ಹಿಂದಿನ ಬೆಂಚಲ್ಲಿ ಸತ್ತ ನಿನ್ನ ತಮ್ಮ ಕೂತಿರ್ತಾನೆ. ಇವತ್ತೂ ಇದ್ದ. ಏಸಾನ್ನ ದಂಡಿಗೆ ಕರ್ಕೊಂಡು ಹೋದವನು ನಾನು. ಯಾವ ಮುಖ ಇಟ್ಕೊಂಡು ನಿಮ್ಮನೆಗೆ ಬರ್ಲಿ?"

ನಾನು ಗೇಟಿನ ಚಿಲಕ ತೆಗೆದೆ.

"ಮಫ್ಲರ್ ಹಾಕಿದ್ನಾ?"

"ಇಲ್ಲ."

"ಹಾಗಾದ್ರೆ ಅವನೇ. ನಾನು ಹೆಣೆದಿದ್ದು ಚುಚ್ಚುತ್ತೆ ಅಂತ ಒಂದಿನಾನೂ ಹಾಕಲಿಲ್ಲ."

ಓರಿನ್ ನೆಲ ನೋಡಿದ. "ಅದನ್ನ ನನ್ನ ತೋಳಿಗೆ ಬಿಗಿದ. ರಕ್ತ ನಿಲ್ಲಲಿ ಅಂತ. ಆಮೇಲೆ ಅವನಿಗೆ ಗುಂಡು ಬಿತ್ತು."

ನಾನು ಬಹಳ ಹೊತ್ತು ಅತ್ತೆ. ಅವನು ಬೀದಿಯವರಿಗೆ ಕಾಣದಂತೆ ನನಗೆ ಅಡ್ಡವಾಗಿ ನಿಂತ. ಅದನ್ನು ನಾನು ಮರೆತಿಲ್ಲ.

"ಏಸಾ ಉಳಿಸಿದ ಜೀವ ಅದು," ಅಂದೆ ಕಣ್ಣೊರೆಸಿಕೊಂಡು. "ಸತ್ತೋರ ಹಾಗೆ ಓಡಾಡ್ಬೇಡ. ನಿಮ್ಮನೆ ಬೀಗದ ಕೈ ಕೊಡು."

ಅವನ ಸೇಬಿನ ತೋಟದಲ್ಲಿ ಒಂದು ಗೂಡು ಬರಿದಾಗಿತ್ತು. ಇನ್ನೊಂದರಲ್ಲಿ ಸಣ್ಣ ಗುಂಜನ. ತಟ್ಟಿದೆ. "ಓರಿನ್ ಬಂದಿದ್ದಾನೆ."

"ಇನ್ನೊಂದು ಹೇಳು," ಅಂದ ಕಿವಿಯ ಬಳಿ. "ಮನೆಯವಳೂ ಬಂದಿದ್ದಾಳೆ ಅಂತ."

"ಇದು ಅಸೆಂಬ್ಲಿ ಮೆಂಬರರ ಅಪ್ಪಣೆಯೋ?"

"ಓರಿನ್ನನ ಬೇಡಿಕೆ."

ಹೇಳಿದೆ. ಕಪ್ಪು ಬಟ್ಟೆಯ ಗಂಟು ಅವನ ಒಂದೇ ಕೈಗೆ ಬಗ್ಗಲಿಲ್ಲ. ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅವನು ಎಳೆದ.

ಮದುವೆಯ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಯಾರನ್ನೂ ಕೂರಿಸಲಿಲ್ಲ. ಮೆತ್ತನೆಯ ಉಣ್ಣೆಯ ಹೊಸ ಮಫ್ಲರನ್ನು ಅಲ್ಲಿಟ್ಟೆ.

ಎಷ್ಟೋ ವರ್ಷ ಒಟ್ಟಿಗೆ ಬಾಳಿದೆವು. ಹೋದ ವಾರ ಮತ್ತೆ ಬೀಗದ ಕೈ ಹಿಡಿದು ತೋಟಕ್ಕೆ ಹೋದೆ. ಈ ಸಲದ ಸುದ್ದಿ ಪೇಪರಿನ ತಪ್ಪಲ್ಲ. ಮನೆಯವಳಾಗಿಯೇ ಹೇಳಿದೆ, ಕಪ್ಪು ಬಟ್ಟೆಯನ್ನೂ ಕಟ್ಟಿದೆ.

ಗಂಟನ್ನು ಮಾತ್ರ ಸಡಿಲ ಬಿಟ್ಟಿದ್ದೇನೆ. ಒಂದೇ ಕೈಯಲ್ಲಿ ಬಿಚ್ಚಲು ಬರುವಷ್ಟು.