ಲಿಫ್ಟಿನ ಕಿಂಡಿ ಮತ್ತು ಅಪ್ಪನ ಹೊಟ್ಟೆ

"ಅಪ್ಪಾ, ಉಸಿರು ಬಿಡು! ಪೂರ್ತಿ ಬಿಡು!" ನಟ್ಟು ಕೆಳಗಿನಿಂದ ಕೂಗಿದಳು.

"ಬಿಟ್ಟಿದ್ದೀನಿ ಕಣೇ! ಇನ್ನು ಬಿಡೋಕೆ ಏನೂ ಉಳಿದಿಲ್ಲ!"

ಮೇಲಿನಿಂದ ಅಪ್ಪನ ದನಿ ಬಂತು. ದನಿ ಮಾತ್ರ. ಅಪ್ಪನ ಅರ್ಧ ಭಾಗ ಲಿಫ್ಟಿನ ಚಾವಣಿಯ ಮೇಲೆ ಕತ್ತಲಲ್ಲಿತ್ತು. ಇನ್ನರ್ಧ ಭಾಗ, ಅಂದರೆ ಎರಡು ಕಾಲು, ಎರಡು ಬೂಟು ಮತ್ತು ಜೇಬಿನಿಂದ ಇಣುಕುತ್ತಿದ್ದ ಸ್ಪ್ಯಾನರ್, ಲಿಫ್ಟಿನ ಒಳಗೆ ಏಣಿಯ ಮೇಲಿತ್ತು. ನಡುವಿನ ಹೊಟ್ಟೆ ಮಾತ್ರ ಅತ್ತಲೂ ಹೋಗದೆ ಇತ್ತಲೂ ಬರದೆ ಚಾವಣಿಯ ಚೌಕ ಕಿಂಡಿಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೂ ಟೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದ. ಆದರೆ ಇವತ್ತು ಕೆಟ್ಟಿದ್ದು ಅವರೇ ವಾಸವಾಗಿದ್ದ ಕಟ್ಟಡದ ಲಿಫ್ಟು. ರಜೆಯ ದಿನ ಬೇರೆ. ಹಾಗಾಗಿ ನೋಡಲು ಇಡೀ ಕಟ್ಟಡವೇ ನೆಲಮಹಡಿಗೆ ಇಳಿದು ಬಂದಿತ್ತು.

"ಸೋಪಿನ ನೀರು ಹಾಕಿ ನೋಡಿ," ಎಂದರು ಮೂರನೇ ಮಹಡಿಯ ಟೀಚರ್ ಆಂಟಿ.

"ಪಾದಕ್ಕೆ ಕಚಗುಳಿ ಇಟ್ರೆ?" ಎಂದ ದಪ್ಪ ಕನ್ನಡಕದ ಹುಡುಗ. ಅವನು ನಟ್ಟುವಿನ ಕ್ಲಾಸೇ. 'ಕನ್ನಡಕ' ಅಂದರೆ ಸಾಕು, ಅವನೇ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು.

ವಾಚ್‌ಮನ್ ತಾತ ಏಣಿ ಹತ್ತಿ ಅಪ್ಪನ ಕಾಲು ಹಿಡಿದು ಜೋರಾಗಿ ಎಳೆದರು. "ಬಂತು ಸರ್, ಬಂತು!"

ಬಂದಿದ್ದು ಬೂಟು. ಅಪ್ಪ ಅಲ್ಲೇ ಇದ್ದ.

ಕೊನೆಗೆ ಅಮ್ಮ ಬಂದಳು. ಅಮ್ಮ ಟೈಲರ್. ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಅದನ್ನು ನೋಡಿ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ರೀ, ಅಲ್ಲಾಡಬೇಡಿ. ಜಾಕೆಟ್ ಮುದುಡಿ ಮಧ್ಯೆ ಸಿಕ್ಕಿಹಾಕ್ಕೊಂಡಿದೆ." ಅಮ್ಮ ಏಣಿ ಹತ್ತಿ ಕಚಕ್ ಕಚಕ್ ಎಂದು ಬಟ್ಟೆ ಕತ್ತರಿಸಿದಳು. ಅಪ್ಪ ಪುಸಕ್ಕೆಂದು ಕೆಳಗೆ ಜಾರಿ, ವಾಚ್‌ಮನ್ ತಾತನ ತೋಳಿಗೆ ಬಂದು ಬಿದ್ದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅಪ್ಪನೇ. ಆದರೆ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅವನ ನಗು ಎಲ್ಲಿಗೆ ಹೋಯಿತೋ ನಟ್ಟುವಿಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಅಪ್ಪ ಅಮ್ಮನಿಗೆ ಮೆಲ್ಲಗೆ ಹೇಳುವುದು ಕೇಳಿಸಿತು.

"ಸೂಪರ್‌ವೈಸರ್ ಆಗಲೇ ಒಂದು ಸಲ ಹೇಳಿದಾರೆ. ಕಿಂಡಿ ದಾಟೋಕಾಗದಿದ್ರೆ ಆಫೀಸಲ್ಲಿ ಕೂತು ಫೋನ್ ಎತ್ತು ಅಂತ. ನಾನು ಫೋನ್ ಎತ್ತೋನಾ? ನಾನು ಲಿಫ್ಟ್ ಎತ್ತೋನು."

ಮರುದಿನ ಶಾಲೆಯಲ್ಲಿ ಕನ್ನಡಕ ಎಲ್ಲರಿಗೂ ಹೇಳಿದ: "ನಟ್ಟು ಅಪ್ಪ ಬಾಟಲಿಗೆ ಬಿರಡೆ ಹಾಕಿದ ಹಾಗೆ ಲಿಫ್ಟಿಗೆ ಬಿರಡೆ ಹಾಕಿದ್ರು!"

ನಟ್ಟು ಅವನ ಕಡೆ ಕಣ್ಣು ಕೆಕ್ಕರಿಸಿ ನೋಡಿದಳು. ಅಂದ ಹಾಗೆ, ನಟ್ಟು ಎಂಬ ಹೆಸರು ಇಟ್ಟವನೂ ಅಪ್ಪನೇ. ಅವಳು ಹುಟ್ಟಿದಾಗ, "ಎಷ್ಟು ಪುಟಾಣಿ ನಟ್ಟು ಇದು!" ಎಂದಿದ್ದನಂತೆ. ಶಾಲೆಯ ಹಾಜರಿ ಪುಸ್ತಕ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಅದೇ ಹೆಸರು ನಿಂತುಬಿಟ್ಟಿತು.

ಅಪ್ಪ ಸುಮ್ಮನೆ ಕೂರುವವನಲ್ಲ. ಫೋನಿಗೆ ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಹಾಕಿಕೊಂಡ. ಏನು ತಿಂದರೂ ಅದಕ್ಕೆ ಹೇಳಬೇಕು. ಹೇಳಿದರೆ 'ಟಿಂಗ್' ಎನ್ನುತ್ತದೆ. ಇವತ್ತಿಗೆ ಇನ್ನೆಷ್ಟು ತಿನ್ನಬಹುದು ಎಂದು ತೋರಿಸುತ್ತದೆ.

ತಮಾಷೆ ಏನೆಂದರೆ, ಆ್ಯಪ್ ಬಂದ ಮೇಲೆ ಮನೆಗೆ ಪ್ಯಾಕೆಟ್‌ಗಳು ಇನ್ನೂ ಜಾಸ್ತಿ ಬರತೊಡಗಿದವು. ಡಯಟ್ ಬಿಸ್ಕೆಟ್, ಡಯಟ್ ಚಿಪ್ಸ್, ಬಿಸಿನೀರು ಸುರಿದರೆ ಆಗುವ ಸೂಪು, ಚಾಕೊಲೇಟ್‌ನಂತೆ ಕಾಣುವ ಆದರೆ ಚಾಕೊಲೇಟ್ ಅಲ್ಲದ ಒಂದು ಕಡ್ಡಿ.

"ಇವುಗಳ ಮೇಲೆ ನಂಬರ್ ಇರುತ್ತೆ ನೋಡು," ಎಂದು ಅಪ್ಪ ಅಮ್ಮನಿಗೆ ಹೇಳಿದ. "ನೀನು ಬೇಯಿಸಿದ ಬೀನ್ಸಿಗೆ ನಂಬರ್ ಎಲ್ಲಿದೆ?"

"ಬೇಕಾದ್ರೆ ಒಂದೊಂದು ಬೀನ್ಸಿನ ಮೇಲೂ ಪೆನ್ನಲ್ಲಿ ಬರೆದು ಕೊಡ್ಲಾ?" ಎಂದಳು ಅಮ್ಮ.

ಅಪ್ಪ ಎಣಿಸಿ ಎಣಿಸಿ ತಿನ್ನುತ್ತಿದ್ದ. ತಿಂದ ಸ್ವಲ್ಪ ಹೊತ್ತಿಗೇ ಹೊಟ್ಟೆ ಚುರುಗುಟ್ಟುತ್ತಿತ್ತು. ಫೋನ್ ನೋಡಿದರೆ ಇವತ್ತಿನ ಲೆಕ್ಕ ಮುಗಿದಿರುತ್ತಿತ್ತು. ಆಗ ಅವನ ಮುಖ ನೋಡಬೇಕು!

"ನಟ್ಟು, ನಾಳೇದು ಸ್ವಲ್ಪ ಇವತ್ತೇ ತಿಂದ್ರೆ ಇದಕ್ಕೆ ಗೊತ್ತಾಗುತ್ತಾ?"

"ಹೇಳಿದ್ರೆ ತಾನೇ ಗೊತ್ತಾಗೋದು?"

"ಹೌದಲ್ವಾ?" ಎಂದು ಅಪ್ಪ ಫೋನನ್ನು ಮುಖ ಅಡಿಯಾಗಿ ಮಲಗಿಸಿ, ಅದಕ್ಕೆ ಕೇಳಿಸದ ಹಾಗೆ ಇನ್ನೊಂದು ಬಿಸ್ಕೆಟ್ ಕಡಿದ.

ಹಳೆಯ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ಅಟ್ಟದಲ್ಲಿತ್ತು. ಅಪ್ಪ ಅದನ್ನು ಇಳಿಸಿ, ಲಿಫ್ಟಿನ ಕಿಂಡಿಯಷ್ಟೇ ಅಗಲದ ಚೌಕ ಕತ್ತರಿಸಿದ. ಭಾನುವಾರ ಅದರೊಳಗೆ ತೂರಿ ನೋಡುವುದು ಅವನ ಪರೀಕ್ಷೆ. ತೂರಿದ. ಸಿಕ್ಕಿಕೊಂಡ. ರಟ್ಟನ್ನು ಸೊಂಟಕ್ಕೆ ಹಾಕಿಕೊಂಡೇ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡಿದ. ಮುಂದಿನ ಭಾನುವಾರವೂ ಅದೇ ಕತೆ.

"ನಿಮ್ಮ ಪ್ಯಾಂಟ್ ಇನ್ನು ಬಿಡಿಸಿ ಸಡಿಲ ಮಾಡೋಣ ಅಂದ್ರೆ ಹೊಲಿಗೆಯಲ್ಲಿ ಬಟ್ಟೆನೇ ಉಳಿದಿಲ್ಲ," ಎಂದಳು ಅಮ್ಮ.

ಒಂದು ಸಂಜೆ ಅಪ್ಪನಿಗೆ ಓದುವ ಕನ್ನಡಕ ಸಿಗಲಿಲ್ಲ. "ನಟ್ಟು, ಈ ಸೂಪಿನಲ್ಲಿ ಏನೇನಿದೆ ಓದು. ಆ್ಯಪ್ ಕೇಳ್ತಾ ಇದೆ," ಎಂದ.

ನಟ್ಟು ಪ್ಯಾಕೆಟ್ ತಿರುಗಿಸಿದಳು. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರಗಳು. "ಮಾಲ್... ಮಾಲ್ಟೊ... ಮಾಲ್ಟೊಡೆಕ್ಸ್‌ಟ್ರಿನ್."

"ಯಾರದು?"

"ಗೊತ್ತಿಲ್ಲ. ಆಮೇಲೆ ಎಮಲ್... ಎಮಲ್ಸಿ... ಎಮಲ್ಸಿಫೈಯರ್."

"ಅದು ನಮ್ಮ ಲಿಫ್ಟಿನ ಪಾರ್ಟ್ ಇದ್ದ ಹಾಗಿದೆಯಲ್ಲೇ!"

ನಟ್ಟುವಿಗೆ ನಗು ತಡೆಯಲಾಗಲಿಲ್ಲ. ಕಪಾಟಿನಿಂದ ಬೇರೆ ಬೇರೆ ಪ್ಯಾಕೆಟ್ ತಂದು ಓದಿದಳು. ಅಪ್ಪನೂ ಹೇಳಲು ಹೋಗಿ ನಾಲಿಗೆ ತೊಡರಿಸಿಕೊಂಡ. ಯಾರು ತಡವರಿಸಿದರೋ ಅವರು ಔಟ್ ಎಂದು ಆಟವೇ ಶುರುವಾಯಿತು. ಇಬ್ಬರೂ ಔಟಾಗುತ್ತಲೇ ಇದ್ದರು.

ಹೊಲಿಗೆ ಯಂತ್ರದ ಸದ್ದು ನಿಂತಿತು. ಅಮ್ಮ ಈ ಕಡೆ ತಿರುಗಿದಳು.

"ರೀ, ಆ ಎಣಿಕೆ ಬಿಟ್ಟುಬಿಡಿ. ನಾನೊಂದು ಹೇಳ್ತೀನಿ ಕೇಳಿ. ಪ್ಯಾಕೆಟ್ ಮೇಲಿರೋ ಹೆಸರು ನಮ್ಮ ಅಡುಗೆಮನೆ ಡಬ್ಬಿಗಳಲ್ಲಿ ಇಲ್ಲ ಅಂದ್ರೆ ಅದು ಮನೆಗೆ ಬೇಡ. ಉಳಿದಿದ್ದನ್ನ ಹೊಟ್ಟೆ ತುಂಬ ತಿನ್ನಿ."

ಅಪ್ಪ ತಟ್ಟನೆ ತಲೆ ಎತ್ತಿದ. "ಹೊಟ್ಟೆ ತುಂಬ ಅಂದ್ಯಾ?"

"ಹೊಟ್ಟೆ ತುಂಬ."

"ಟಿಂಗ್ ಇಲ್ಲದೆ?"

"ಟಿಂಗೂ ಇಲ್ಲ, ಟಾಂಗೂ ಇಲ್ಲ."

"ಅಕ್ಕಿನೂ ಪ್ಯಾಕೆಟ್ಟಲ್ಲೇ ಬರುತ್ತಲ್ಲಮ್ಮ!" ಎಂದು ನಟ್ಟು ವಕೀಲೆಯಂತೆ ಎದ್ದು ನಿಂತಳು.

"ಅದರ ಮೇಲೆ ಏನಿದೆ ಓದು."

"ಅಕ್ಕಿ."

"ಬೇರೆ?"

"ಬೇರೆ ಏನೂ ಇಲ್ಲ."

"ಹಂಗಾದ್ರೆ ಅದು ಪಾಸು."

ಆ ಸಂಜೆಯೇ ಕಪಾಟು ಖಾಲಿ ಮಾಡುವ ಕೆಲಸ ನಡೆಯಿತು. ಸೂಪು ಹೋಯಿತು, ಬಿಸ್ಕೆಟ್ ಹೋಯಿತು, ಕಡ್ಡಿ ಹೋಯಿತು. ನಟ್ಟುವಿಗೂ ಖುಷಿಯೋ ಖುಷಿ. ಆದರೆ ಅಮ್ಮ ಕೆಳಗಿನ ಖಾನೆಗೆ ಕೈ ಹಾಕಿದಾಗ ಅವಳ ಮುಖ ಬಾಡಿತು. ಅಲ್ಲಿ ಚಿಪ್ಸ್ ಇದ್ದವು.

ಆ ಚಿಪ್ಸ್ ಬರೀ ಚಿಪ್ಸ್ ಅಲ್ಲ. ಸಂಜೆ ಅಪ್ಪ ಕೆಲಸದಿಂದ ಬಂದ ಕೂಡಲೇ ಇಬ್ಬರೂ ಬಾಲ್ಕನಿಯಲ್ಲಿ ನೆಲದ ಮೇಲೆ ಕೂರುತ್ತಿದ್ದರು. ನಡುವೆ ಒಂದು ಪ್ಯಾಕೆಟ್. ಅಪ್ಪ ಅವತ್ತು ಯಾವ ಲಿಫ್ಟ್ ಮುನಿಸಿಕೊಂಡಿತ್ತು, ಯಾರು ಒಳಗೆ ಸಿಕ್ಕಿಕೊಂಡು ಏನು ಗಲಾಟೆ ಮಾಡಿದರು ಎಂದು ಹೇಳುತ್ತಿದ್ದ. ಒಮ್ಮೆ ಮದುಮಗಳೊಬ್ಬಳು ಸಿಕ್ಕಿಕೊಂಡಿದ್ದಳು. ಒಮ್ಮೆ ಬರೀ ಒಂದು ನಾಯಿ. ಪ್ಯಾಕೆಟ್ ಖಾಲಿಯಾಗುವ ತನಕ ಕತೆ.

ಈಗ ಪ್ಯಾಕೆಟ್ ಇಲ್ಲ. ಕತೆಯೂ ಇಲ್ಲ. ಅಪ್ಪ ಬಂದವನೇ ಕೈಕಾಲು ತೊಳೆದು ಅಡುಗೆಮನೆಗೆ ಹೋಗುತ್ತಿದ್ದ. ಅಮ್ಮನಿಗೆ ಹೊಲಿಗೆ ಕೆಲಸ ಜಾಸ್ತಿ, ಅಡುಗೆಯಲ್ಲಿ ಅರ್ಧ ಅವನದು ಎಂದು ಮಾತಾಗಿತ್ತು. ಕುಂಬಳಕಾಯಿ ಹೆಚ್ಚುತ್ತಿದ್ದ. ಮೊಟ್ಟೆ ಬೇಯಿಸುತ್ತಿದ್ದ. ಈರುಳ್ಳಿ ಹೆಚ್ಚಿ ಅಳುತ್ತಿದ್ದ. ಮೊದಲ ಕೆಲವು ದಿನ ತಲೆನೋವು ಎಂದು ಸಿಡುಕಿದ. ಆಮೇಲೆ ತಟ್ಟೆ ತುಂಬ ಊಟ ಮಾಡಿ, "ಅಬ್ಬಾ!" ಎಂದು ಕಾಲು ಚಾಚಿದ. ಫೋನ್ ಯಾವುದೋ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು.

ನಟ್ಟು ಬಾಲ್ಕನಿಯಲ್ಲಿ ಒಬ್ಬಳೇ ಕೂತು ಹೋಮ್‌ವರ್ಕ್ ಮಾಡಿದಳು. ಚಿಪ್ಸ್ ಜೊತೆ ಅಮ್ಮ ಅಪ್ಪನನ್ನೂ ಕಸದ ಬುಟ್ಟಿಗೆ ಹಾಕಿಬಿಟ್ಟಳೇನೋ ಅನ್ನಿಸಿತು.

ಅಷ್ಟರಲ್ಲಿ ಕನ್ನಡಕನ ಹುಟ್ಟುಹಬ್ಬ ಬಂತು. ಅವನು ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ಚಿಪ್ಸ್ ಪ್ಯಾಕೆಟ್ ಕೊಟ್ಟ. ಎಲ್ಲರೂ ಅಲ್ಲೇ ಕರುಂ ಕುರುಂ ಎಂದು ಮುಗಿಸಿದರು. ನಟ್ಟು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಬೂಟಿನ ಲೇಸು ಕಟ್ಟುತ್ತಿದ್ದಾಗ, ಅವನ ಟೂಲ್ ಬ್ಯಾಗಿನೊಳಗೆ ಮೆಲ್ಲಗೆ ಅದನ್ನು ತುರುಕಿದಳು.

ಸಂಜೆ ಅಪ್ಪ ಬಂದ. ಕೈಕಾಲು ತೊಳೆದ. ಅಡುಗೆಮನೆಗೆ ಹೋದ. ನಟ್ಟು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

"ಅಪ್ಪಾ, ಬ್ಯಾಗಲ್ಲಿ ಏನಾದ್ರೂ ಸಿಕ್ತಾ?"

"ಸಿಕ್ತು."

"ತಿಂದ್ಯಾ?"

ಅಪ್ಪ ಚಾಕು ಕೆಳಗಿಟ್ಟ. "ತಿಂದೆ. ಲಿಫ್ಟಿನ ಮೆಷಿನ್ ರೂಮಲ್ಲಿ ಒಬ್ಬನೇ ಕೂತು ತಿಂದೆ. ಮೊದಲು ಚೆನ್ನಾಗಿತ್ತು. ಆಮೇಲೆ ಚೆನ್ನಾಗಿದೆಯಾ ಇಲ್ವಾ ಅಂತಲೂ ಗೊತ್ತಾಗಲಿಲ್ಲ, ಕೈ ಮಾತ್ರ ಹೋಗ್ತಾನೇ ಇತ್ತು. ಪ್ಯಾಕೆಟ್ ಖಾಲಿ ಆದ್ಮೇಲೆ ನನ್ನ ಮೇಲೇ ಸಿಟ್ಟು ಬಂತು." ಅವನು ಅವಳನ್ನು ನೋಡಿದ. "ಯಾಕೆ ಹಾಕಿದೆ ಕಂದಾ?"

ನಟ್ಟು ಗೋಡೆಯ ಬಣ್ಣ ಕೆರೆಯುತ್ತಾ ನಿಂತಳು. ಸುಮ್ಮನಿರಬೇಕು ಅಂದುಕೊಂಡಳು. ಆಗಲಿಲ್ಲ.

"ನೀನು ನನ್ನ ಜೊತೆ ಕೂರೋದೇ ಇಲ್ಲ! ಬಂದ ತಕ್ಷಣ ಕುಂಬಳಕಾಯಿ ಜೊತೆ ಕೂರ್ತೀಯ! ಲಿಫ್ಟ್ ಕತೆ ಎಲ್ಲಾ ಅದಕ್ಕೇ ಹೇಳ್ತೀಯೇನೋ!"

ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತು ಟವೆಲ್ಲಿಗೆ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಹಸಿ ಬಟಾಣಿಯ ಚೀಲ ಒಂದು ಕೈಯಲ್ಲಿ, ಪಾತ್ರೆ ಇನ್ನೊಂದು ಕೈಯಲ್ಲಿ ಹಿಡಿದು, "ಬಾ," ಎಂದ.

ಇಬ್ಬರೂ ಬಾಲ್ಕನಿಯಲ್ಲಿ ಕೂತರು. ಟಪ್ ಎಂದು ಕೋಡು ಒಡೆಯುವುದು, ಹೆಬ್ಬೆರಳಿನಿಂದ ಕಾಳು ಜಾರಿಸುವುದು. ಒಂದು ಹಿಡಿ ಪಾತ್ರೆಗೆ, ಒಂದು ಹಿಡಿ ಬಾಯಿಗೆ. ಕಾಳು ಎಳೆಯವು, ಸಿಹಿಯಾಗಿದ್ದವು.

"ಇವತ್ತು ಏನಾಯ್ತು ಗೊತ್ತಾ?" ಅಪ್ಪ ಶುರು ಮಾಡಿದ. "ಸಂಗೀತದ ಮೇಷ್ಟ್ರು ಒಬ್ಬರು ಸಿಕ್ಕಿಹಾಕ್ಕೊಂಡಿದ್ರು. ಭಯಕ್ಕೆ ಒಂದೇ ಸಮನೆ ಹಾಡ್ತಾ ಇದ್ರು. ನಾನು ಬಾಗಿಲು ತೆಗೆದ್ರೆ, ತಡೀರಿ, ಈ ಹಾಡು ಮುಗೀಲಿ ಅಂದುಬಿಟ್ರು!"

ಕೋಡು ಸುಲಿಯಲು ಬಹಳ ಹೊತ್ತು ಬೇಕು. ಕತೆಯೂ ಉದ್ದವಾಯಿತು.

"ಅಡುಗೆಗೂ ಸ್ವಲ್ಪ ಉಳಿಸಿ!" ಎಂದು ಅಮ್ಮ ಒಳಗಿನಿಂದ ಕೂಗಿದಳು.

ದಿನಗಳು ಉರುಳಿದವು. ದಿನವೂ ಸಂಜೆ ಬಾಲ್ಕನಿಯಲ್ಲಿ ಬಟಾಣಿಯೋ ಅವರೆಯೋ ಸುಲಿಯುವುದು, ಜೊತೆಗೊಂದು ಕತೆ. ಅಮ್ಮ ಅಪ್ಪನ ಪ್ಯಾಂಟಿನ ಸೊಂಟ ಒಳಗೆ ಹಿಡಿದು ಹೊಲಿದಳು. ಸ್ವಲ್ಪ ದಿನಕ್ಕೆ ಮತ್ತೊಮ್ಮೆ ಹೊಲಿದಳು. ಒಂದು ಭಾನುವಾರ ರಟ್ಟಿನ ಚೌಕದೊಳಗೆ ತೂರಿದ ಅಪ್ಪ ಆ ಕಡೆಯಿಂದ ಹೊರಬಂದ. ಒಂದು ಕಡೆ ರಟ್ಟು ಹರಿಯಿತು, ನಿಜ. ಆದರೂ ಹೊರಬಂದ.

ಆಮೇಲೆ ಅಪ್ಪ ಕಿಂಡಿ ದಾಟುತ್ತಾನೋ ಇಲ್ಲವೋ ನೋಡಲು ಸೂಪರ್‌ವೈಸರ್ ಬಂದರು. ಕಟ್ಟಡದ ಲಿಫ್ಟನ್ನು ನೆಲಮಹಡಿಯಲ್ಲಿ ನಿಲ್ಲಿಸಿದರು. ವಾಚ್‌ಮನ್ ತಾತ ಏಣಿ ಹಿಡಿದರು. ನಟ್ಟು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಮೇಲೆ ಏನೋ ಪರಚಿದ ಸದ್ದು, ಅಪ್ಪ ಮುಲುಕಿದ ಸದ್ದು. ಕಣ್ಣು ಬಿಟ್ಟರೆ ಕಿಂಡಿ ಖಾಲಿ! ಅದರಿಂದ ಅಪ್ಪನ ಮುಖ ತಲೆಕೆಳಗಾಗಿ ಇಣುಕಿ, "ಕೂ!" ಎಂದಿತು.

"ಇನ್ನೂ ಸ್ವಲ್ಪ ಟೈಟ್ ಇದೆ," ಎಂದರು ಸೂಪರ್‌ವೈಸರ್. "ಆದ್ರೆ ನಡೆಯುತ್ತೆ. ಆಫೀಸಿನ ಫೋನ್ ಬೇಡ, ಎಂದಿನ ಹಾಗೆ ಲಿಫ್ಟ್ ಕೆಲಸಕ್ಕೇ ಬನ್ನಿ."

ಕನ್ನಡಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಟೀಚರ್ ಆಂಟಿ ಕೇಳಿದರು, "ಎಷ್ಟು ಕೆಜಿ ಇಳಿಸಿದ್ರಿ?"

"ಗೊತ್ತಿಲ್ಲ ಮೇಡಂ," ಎಂದ ಅಪ್ಪ. "ನೋಡೋದೇ ಮರೆತುಹೋಯ್ತು."

ಮರುದಿನ ಅಪ್ಪ ಬರುವಷ್ಟರಲ್ಲಿ ಬೀದಿದೀಪ ಹತ್ತಿಕೊಂಡಿತ್ತು. ಕೈಯಲ್ಲಿ ತರಕಾರಿ ಚೀಲ ಇರಲಿಲ್ಲ. ಅಡುಗೆ ಇವತ್ತು ಅಮ್ಮನದು. ಅಪ್ಪ ಬೂಟು ಬಿಚ್ಚಿದವನೇ ಬಾಲ್ಕನಿಗೆ ಬಂದು, ಗೋಡೆಗೆ ಒರಗಿ, ನಟ್ಟುವಿನ ಪಕ್ಕ ಕೂತ.

"ಆಸ್ಪತ್ರೆಯ ಲಿಫ್ಟಿನ ಮೇಲೆ ಇವತ್ತು ಒಂದು ಪಾರಿವಾಳದ ಗೂಡು ಸಿಕ್ತು ಕಣೇ."

"ಮೊಟ್ಟೆ ಇತ್ತಾ?"

"ಮರಿನೇ ಇತ್ತು! ನಾನು ಸ್ಪ್ಯಾನರ್ ಎತ್ತಿದ್ರೆ ಸಾಕು, ಬಾಯಿ ತೆಗೀತಿತ್ತು. ಅಮ್ಮನ ಕೊಕ್ಕು ಅಂದ್ಕೊಂಡಿರಬೇಕು."

ನಟ್ಟು ಮೊಣಕಾಲು ತಬ್ಬಿಕೊಂಡು ಅಪ್ಪನ ಕಡೆ ತಿರುಗಿದಳು. ಮರಿ ಎಷ್ಟು ದೊಡ್ಡದು, ಅದರ ಅಮ್ಮ ಎಲ್ಲಿಂದ ಒಳಗೆ ಬಂತು, ಲಿಫ್ಟ್ ಮೇಲೆ ಕೆಳಗೆ ಹೋಗುವಾಗ ಗೂಡಿಗೆ ತಲೆ ಸುತ್ತುವುದಿಲ್ಲವೇ, ಈಗ ಅದನ್ನು ಎಲ್ಲಿಟ್ಟಿದ್ದಾರೆ? ಅವಳು ಕೇಳುತ್ತಲೇ ಹೋದಳು. ಅಪ್ಪ ಪಾರಿವಾಳದ ಹಾಗೆ ಕತ್ತು ಕುಣಿಸಿ ತೋರಿಸಿದ. ಎದುರು ಕಟ್ಟಡದ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು.

"ಊಟಕ್ಕೆ ಬನ್ನಿ!" ಅಮ್ಮ ಕರೆದಳು.

ಏಳುವಾಗ ನಟ್ಟು ಅಭ್ಯಾಸದಂತೆ ಸಿಪ್ಪೆ ಬಾಚಲು ನೆಲಕ್ಕೆ ಬಗ್ಗಿದಳು. ಅಲ್ಲಿ ಏನೂ ಇರಲಿಲ್ಲ. ಸಿಪ್ಪೆಯಿಲ್ಲ, ಪಾತ್ರೆಯಿಲ್ಲ, ಪ್ಯಾಕೆಟ್ಟೂ ಇಲ್ಲ. ಅವಳು ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಅಪ್ಪನ ಬೆನ್ನ ಹಿಂದೆಯೇ ಒಳಗೆ ಓಡಿದಳು.

"ಅಪ್ಪಾ, ನಾಳೆ ಆ ಮರಿಗೆ ರೆಕ್ಕೆ ಬಂದಿದೆಯಾ ನೋಡ್ಕೊಂಡು ಬಾ!"