ಪುಡಿ ಬೀಳದ ಗರಗಸ

"ಇಲ್ಲಿರೋದೆಲ್ಲ ನಿಂದೇ ಅನ್ಕೋ. ಗೋಡೆ ಮೇಲಿರೋ ಆ ಗರಗಸ ಮಾತ್ರ ಮುಟ್ಬೇಡ," ಎಂದಳು ಅಜ್ಜಿ.

ಬಡಗಿಗೆ ನಗು ಬಂತು. ಆಸ್ಪತ್ರೆಗೆ ಹೋದ ಹೆಂಡತಿ ವಾಪಸು ಬರದೆ ಎರಡು ವರ್ಷವಾಗಿತ್ತು. ಅವಳಿಲ್ಲದ ಮನೆಯಲ್ಲಿ ಇರಲಾರದೆ, ಏಳು ವರ್ಷದ ಮಗಳನ್ನು ಕರೆದುಕೊಂಡು ಈ ಊರಿಗೆ ಬಂದು, ಅಜ್ಜಿಯ ಗಂಡ ಬಿಟ್ಟುಹೋದ ಮರಗೆಲಸದ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದ.

"ಯಾಕಜ್ಜಿ, ಕಚ್ಚುತ್ತಾ?"

"ನಮ್ಮೆಜಮಾನ್ರು ಮಹಾ ಜಿಪುಣ. ಕೊಯ್ಯುವಾಗ ಪುಡಿಯಾಗಿ ಹೋಗೋ ಮರಕ್ಕೂ ಹೊಟ್ಟೆ ಉರ್ಕೊಳ್ತಿದ್ರು. ಇದು ಮರ ತಿನ್ನಬಾರ್ದು ಅಂತ ಮಾಟ ಮಾಡಿಸಿದ್ರು. ಗರಗಸ ಅಂದ್ಮೇಲೆ ಏನಾದ್ರೂ ತಿನ್ನಲೇಬೇಕಲ್ಲಪ್ಪ? ಮನೇದು ತಿನ್ನುತ್ತೆ." ಅಜ್ಜಿ ಅಂಗೈಯನ್ನು ಸೊಂಟದ ಎತ್ತರಕ್ಕೆ ಹಿಡಿದಳು. "ನಮಗೊಬ್ಬ ಮಗ ಇದ್ದ. ಇಷ್ಟಿದ್ದ." ಕೈ ಮೊಣಕಾಲಿಗಿಳಿಯಿತು. "ಆಮೇಲೆ ಇಷ್ಟಾದ." ಕೈ ಇನ್ನೂ ಕೆಳಗಿಳಿಯಿತು.

"ಹಾಗಿದ್ರೆ ಬಿಸಾಡೋದಲ್ವಾ?"

"ಬಿಸಾಡಿದ್ರೆ ಗೊತ್ತಿಲ್ಲದವರ ಕೈಗೆ ಸಿಗುತ್ತೆ. ಇಲ್ಲಿದ್ರೆ ನಾನಾದ್ರೂ ಹೇಳ್ತೀನಿ."

"ಆಯ್ತು ಬಿಡಿ ಅಜ್ಜಿ, ಹೇಳಿದ್ರಲ್ಲ," ಎಂದು ಅವನು ಮಾತು ಹಾರಿಸಿದ. ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವ ಪೈಕಿ ಅವನಲ್ಲ.

ಅವನಿಗಿದ್ದದ್ದು ಒಂದೇ ಚಿಂತೆ. ಮಗಳ ಕಾಲು ಹಳೇ ಮಂಚದಿಂದ ಆಚೆ ಚಾಚುತ್ತಿತ್ತು. "ಅಮ್ಮನ ಕಪಾಟಲ್ಲೇ ಮಂಚ ಮಾಡಪ್ಪ, ಅದರ ಮೇಲೇ ಮಲಗ್ತೀನಿ," ಅಂದಿದ್ದಳು. ಕಪಾಟು ಬಿಚ್ಚಿ ಅಳೆದರೆ ಮರ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಇತ್ತು. ಕೊಯ್ದ ಕಡೆಯೆಲ್ಲ ಗರಗಸದ ದಪ್ಪದಷ್ಟು ಮರ ಪುಡಿಯಾಗಿ ಹೋಗುತ್ತದೆ, ಅಷ್ಟು ಹೋದರೂ ಮಂಚಕ್ಕೆ ಸಾಲದು. ಬೇರೆ ಮರ ಸೇರಿಸಲು ಮಗಳು ಸುತಾರಾಂ ಒಪ್ಪಳು.

ಅಂಗಡಿಯಿಂದ ತಂದ ಹೊಸ ಗರಗಸವನ್ನು ಮೊದಲು ಒಂದು ತುಂಡಿನ ಮೇಲೆ ಆಡಿಸಿದ. ಪ್ಲಾಸ್ಟಿಕ್ ಹಿಡಿ, ಅರದಿಂದ ಉಜ್ಜಿ ಹರಿತ ಮಾಡಲಾಗದ ಹಲ್ಲು, ಮೊಂಡಾದರೆ ಎಸೆಯಬೇಕಷ್ಟೆ. ಬರಬರ ಕೊಯ್ದಿತು. ಅಂಚೆಲ್ಲ ಸಿಬಿರು, ಕಾಲ ಬಳಿ ಪುಡಿಯ ಗುಡ್ಡೆ. ಆಮೇಲೆ ಗೋಡೆಯ ಕಡೆ ಕೈ ಚಾಚಿದ. ಹಳೆಯದರ ಗತ್ತೇ ಬೇರೆ! ಹಿಂಬದಿಗೆ ತೆಳುವಾಗುತ್ತಾ ಹೋದ ಉಕ್ಕು, ಬೆವರು ಕುಡಿದು ಕಪ್ಪಾದ ಮರದ ಹಿಡಿ. ತಳ್ಳುವ ಮೊದಲೇ ಸರಿಯಿತು. ಅದರ ಸದ್ದು ಮಲಗಿದವರ ಉಸಿರಿನಂತೆ ಮೆತ್ತಗಿತ್ತು.

ಪುಡಿ ಬೀಳಲಿಲ್ಲ. ಎರಡೂ ತುಂಡು ಸೇರಿಸಿ ಟೇಪು ಹಿಡಿದ. ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. "ಭಲೇ ಮಗನೇ!" ಅಂದ ಗರಗಸಕ್ಕೆ. ಕಪಾಟಿನ ಹಲಗೆಗೂ ಅದನ್ನೇ ಹಚ್ಚಿದ. ಕೊಯ್ದ ಜಾಗದಿಂದ ಮರದ ವಾಸನೆಯ ಬದಲು ಎಳೆಗೂಸಿನ ನೆತ್ತಿಯ ವಾಸನೆ ಬಂತು. ಹೆಂಡತಿ ಮಗುವಿನ ಬಟ್ಟೆ ಇದರಲ್ಲೇ ಇಡುತ್ತಿದ್ದಳಲ್ಲ, ಅದೇ ಇರಬೇಕು ಅಂದುಕೊಂಡು ಕಣ್ಣೊರೆಸಿಕೊಂಡ.

ಮಂಚದ ಕೆಲಸ ಸಾಗಿತು. ಮಗಳ ಬೂಟು ಸಡಿಲವಾಯಿತು. ಲೇಸು ತಾನೇ ಕಟ್ಟಿಕೊಳ್ಳುತ್ತಿದ್ದವಳು ಕಾಲು ಚಾಚಿ "ಕಟ್ಟು" ಅಂದಳು. ಮುದ್ದು ಜಾಸ್ತಿಯಾಯಿತು ಎಂದು ಗದರಿದ. ಉದುರಿದ್ದ ಮುಂದಿನ ಹಲ್ಲಿನ ಜಾಗದಲ್ಲಿ ಹಲ್ಲು ಕಂಡಾಗ ಖುಷಿಪಟ್ಟ. ಅಯ್ಯೋ, ಅದು ಹೊಸ ಹಲ್ಲಲ್ಲ, ಹಳೇ ಹಾಲುಹಲ್ಲೇ ಎಂದು ಕಾಣುವ ಕಣ್ಣು ಅವನಿಗೆಲ್ಲಿತ್ತು, ಮಂಚದ ಗುಂಗಿನಲ್ಲಿ!

ಕೊನೆಗೆ ಕಪಾಟಿನ ಬಾಗಿಲೊಂದು ಉಳಿಯಿತು. ಮಗಳು ಬೆಳೆದಂತೆಲ್ಲ ಹೆಂಡತಿ ಅವಳನ್ನು ಅದಕ್ಕೊರಗಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಅವಳು ಹೋದ ಮೇಲೆ ಅವನೆಳೆದ ಗೆರೆಗಳು ಮೇಲಿದ್ದವು. ಕೊಯ್ಯುವ ಮೊದಲು ಇನ್ನೊಂದು ಸಲ ನಿಲ್ಲಿಸೋಣ ಅನ್ನಿಸಿತು. ಸಂಜೆ, ಕರೆಂಟು ಹೋಗಿತ್ತು. ಬಾಗಿಲನ್ನು ಗೋಡೆಗೊರಗಿಸಿ, "ಪುಟ್ಟೀ, ಬಾ," ಎಂದ. ನೆತ್ತಿಯ ಮೇಲೆ ಕೈಯಿಟ್ಟು ಟಾರ್ಚು ಹಿಡಿದ.

ಅವನ ಗೆರೆಗಳೆಲ್ಲ ಮೇಲೆಲ್ಲೋ ಇದ್ದವು. ಹೆಂಡತಿ ಎಳೆದ ಕೊನೆಯ ಗೆರೆಗೂ ಕೈ ಮುಟ್ಟಲಿಲ್ಲ.

ಅವಳನ್ನು ನೆಟ್ಟಗೆ ನಿಲ್ಲಿಸಿದ. ಮತ್ತೆ ಹಿಡಿದ. ಅಷ್ಟೇ. ತಲೆಯ ಮೇಲೆ ಸದ್ದು. ಮೆತ್ತಗಿನ ಉಸಿರು. ಟಾರ್ಚು ಎತ್ತಿದ. ಬಾಗಿಲಿನ ಮೇಲಂಚಿನಲ್ಲಿ ಗರಗಸ. ಹಿಡಿದವರಿಲ್ಲ. ಹಲ್ಲು ಮರದೊಳಗೆ. ಬಂತು. ಹೋಯಿತು. ಹಾಲಿನ ವಾಸನೆ. ಮಗಳ ಫ್ರಾಕು ಹೆಗಲಿಂದ ಜಾರಿತು. ಬಂತು. ಬರಿಗೈಯಲ್ಲಿ ಅಲಗನ್ನು ಹಿಡಿದುಕೊಂಡ. ಬೆರಳು ಕೊಯ್ದುಹೋದವು. ಬಿಡಲಿಲ್ಲ. ನಿಂತಿತು.

ಕೂಗಿಗೆ ಅಜ್ಜಿ ಓಡಿಬಂದಳು. ಮಗುವನ್ನು ನೋಡಿದಳು, ಎಲ್ಲ ಅರ್ಥವಾಯಿತು. ಗರಗಸವನ್ನು ಗೋಣಿಯಲ್ಲಿ ಸುತ್ತಿದಳು.

"ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ತಿಂದದ್ದನ್ನ ಕಕ್ಕಿಸಿ!"

"ಕಕ್ಕಲ್ಲಪ್ಪ. ನೀನು ನಿಲ್ಲಿಸ್ದೆ, ಮಗು ಉಳೀತು. ನಮ್ಮೋರು ಕೆಲಸ ಮುಗಿಸಿಬಿಟ್ರು."

ಮಗಳು ಶೆಡ್ಡನ್ನು ಹೊಸಬಳಂತೆ ನೋಡುತ್ತಿದ್ದಳು. "ಇದ್ಯಾರ ಮನೆ ಅಪ್ಪ?" ಅವಳ ಕಣ್ಣು ಹಲಗೆಗಳ ಮೇಲೆ ಬಿತ್ತು. "ಅಮ್ಮನ ಕಪಾಟು ಯಾಕೆ ಮುರಿದೆ? ಅಮ್ಮ ಬರ್ಲಿ, ಹೇಳ್ತೀನಿ ಇರು."

ಅಮ್ಮ ಇನ್ನು ಬರುವುದಿಲ್ಲ ಎಂದು ಒಮ್ಮೆ ಅವಳಿಗೆ ಹೇಳಿದ್ದ. ಈ ಬಾಗಿಲನ್ನೇ ತಬ್ಬಿಕೊಂಡು ಜ್ವರ ಬರುವವರೆಗೆ ಅತ್ತಿದ್ದಳು. ಅವಳು ಮತ್ತೆ ನಗುವಷ್ಟರಲ್ಲಿ ಅವನು ಅರ್ಧ ಸತ್ತಿದ್ದ.

ಮಗಳು ದೊಗಳೆ ಫ್ರಾಕು ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಬೀದಿ ನೋಡುತ್ತಾ ಕೂತಳು. "ಅಮ್ಮ ಎಷ್ಟೊತ್ತಿಗೆ ಬರ್ತಾಳೆ?"

ಬಡಗಿ ರಕ್ತದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಅವಳ ಪಕ್ಕ ಕೂತ. ಹೇಳಲೇಬೇಕಿತ್ತು.