ಟ್ರಂಕಿನ ಮೇಲಿನ ಹೆಸರು

"ಬ್ರಿಗೇಡಿಯರ್ ಅಳಿಸಿಬಿಡ್ಲಾ ಸಾರ್?" ಪೇಂಟರ್ ಕೇಳಿದ.

"ಅಳಿಸಿ," ಅಂದ ಅಪ್ಪ.

ಪೇಂಟರ್ ಉಪ್ಪುಕಾಗದ ಹಿಡಿದು ಟ್ರಂಕಿನ ಮುಚ್ಚಳವನ್ನು ಪರಪರ ಉಜ್ಜತೊಡಗಿದ. ಅಪ್ಪನಿಗೆ ಪ್ರಮೋಷನ್ ಆದಾಗಲೆಲ್ಲ ಕಪ್ಪು ಟ್ರಂಕುಗಳ ಮೇಲಿನ ಬಿಳಿ ಅಕ್ಷರ ಬದಲಾಗುತ್ತಿತ್ತು. ಅಕ್ಷರ ಬದಲಾದರೆ ಊರೂ ಬದಲು, ಸ್ಕೂಲೂ ಬದಲು.

ಈ ಸಲ ಅಪ್ಪ ಜನರಲ್ ಆಗಿದ್ದ. ಬೆಳಗಿನಿಂದ ಫೋನು ಸುಮ್ಮನಾಗಿರಲಿಲ್ಲ. ಎಲ್ಲರಿಗೂ ಖುಷಿಯೋ ಖುಷಿ. ಮೆಣಸಿನಕಾಯಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು.

ಮೆಣಸಿನಕಾಯಿ ಅಂದರೆ ಜನರಲ್ ಸಾಹೇಬರ ಮಗಳು, ಐದನೇ ಕ್ಲಾಸು. ಹೆಸರಿಟ್ಟವಳು ಗೆಳತಿ ಹಲ್ಲಿ. ಹಲ್ಲಿಯೂ ಹುಡುಗಿಯೇ, ಕಾಂಪೌಂಡ್ ಹತ್ತುವುದರಲ್ಲಿ ಎತ್ತಿದ ಕೈ. ಹಿಂದಿನ ಸ್ಕೂಲುಗಳಲ್ಲೆಲ್ಲ ಮೆಣಸಿನಕಾಯಿಗೆ ಒಂದೇ ಹೆಸರು: ಹೊಸ ಹುಡುಗಿ. ಅದು ಹಳೆಯದಾಗುವಷ್ಟರಲ್ಲಿ ಪೇಂಟರ್ ಬಂದುಬಿಡುತ್ತಿದ್ದ. ಈಗ ಮತ್ತೆ ಹೊಸ ಹುಡುಗಿ ಆಗಬೇಕು. ಊರು ಬಿಡುವ ವಿಷಯ ಹಲ್ಲಿಗೆ ಹೇಳಲು ಬಾಯೇ ಬಂದಿರಲಿಲ್ಲ.

ಸಾಲದ್ದಕ್ಕೆ ಟೀಚರ್ ಹೋಂವರ್ಕ್ ಬೇರೆ ಕೊಟ್ಟಿದ್ದರು. ನಾಳೆ ಅಸೆಂಬ್ಲಿಯಲ್ಲಿ ಅಪ್ಪನ ಓದು, ಕೆಲಸ ಎಲ್ಲ ಹೇಳಬೇಕಂತೆ.

"ಅಪ್ಪ, ನಿನ್ನ ಕೆರಿಯರ್ ಹೇಳು."

ಅಪ್ಪ ನೆಟ್ಟಗೆ ನಿಂತು ಹೇಳಿದ. "ಮಿಲಿಟರಿ ಅಕಾಡೆಮಿ. ಲೆಫ್ಟಿನೆಂಟ್ ಆಗಿ ಗಡಿ. ಕ್ಯಾಪ್ಟನ್ ಆಗಿ ಇನ್ನೊಂದು ಗಡಿ. ಮೇಜರ್ ಆದ್ಮೇಲೆ ಮತ್ತೆ ಕಾಲೇಜು, ಪರೀಕ್ಷೆ."

"ಅಷ್ಟು ದೊಡ್ಡವನಾದ್ಮೇಲೂ ಪರೀಕ್ಷೆನಾ?"

"ಹ್ಞೂಂ. ಮ್ಯಾಪ್ ತಪ್ಪು ಮಾಡಿ ಬೈಸ್ಕೊಂಡೆ. ಅದನ್ನ ಬರೀಬೇಡ."

ಬರೆದಳು.

"ಆಮೇಲೆ ಕರ್ನಲ್. ಬೆಟ್ಟದ ಮೇಲೆ ಎರಡು ಚಳಿಗಾಲ. ಆಮೇಲೆ ಬ್ರಿಗೇಡಿಯರ್."

"ಸರಿ. ಅದಕ್ಕೂ ಮುಂಚೆ ಯಾವ್ಯಾವ ಸ್ಕೂಲು?"

"ಒಂದೇ. ಒಂದನೇ ಕ್ಲಾಸಿಂದ ಹತ್ತರವರೆಗೆ."

ಪೆನ್ನು ನಿಂತಿತು. "ಒಂದೇನಾ? ನಂದು ಆಗ್ಲೇ ಆರು!"

"ಆರೆಲ್ಲಿ? ಐದಲ್ವಾ?"

"ಆರು!" ಒಳಗಿಂದ ಅಮ್ಮನ ದನಿ ಬಂತು.

ಅಪ್ಪ ಬೆರಳು ಮಡಚಿ ಎಣಿಸಿದ. ಆರೇ ಆಯಿತು. ಜನರಲ್ ಸಾಹೇಬರು ಟ್ರಂಕಿನ ಮೇಲೆ ಕೂತುಬಿಟ್ಟರು. ಪುಣ್ಯಕ್ಕೆ ಅದಕ್ಕಿನ್ನೂ ಬಣ್ಣ ಬಳಿದಿರಲಿಲ್ಲ.

"ಆ ಸ್ಕೂಲಲ್ಲಿ ನಿನ್ನನ್ನ ಏನಂತ ಕರೀತಿದ್ರು?"

ಅಪ್ಪ ಪೇಂಟರ್ ಕಡೆ ನೋಡಿ ದನಿ ತಗ್ಗಿಸಿದ. "ಗೂಬೆ."

ಪೇಂಟರ್‌ಗೆ ಕೆಮ್ಮು ಬಂತು.

"ಈಗ್ಲೂ ಹಾಗೇ ಕರೀತಾರಾ?"

"ಒಬ್ಬ ಕರೀತಾನೆ. ಸೈಕಲ್ ರಿಪೇರಿ ಅಂಗಡಿ ಅವನದು. ನಾನು ಯಾವ ಗಡೀಲಿದ್ರೂ ಫೋನ್ ಮಾಡಿ 'ಏನೋ ಗೂಬೆ, ಊಟ ಆಯ್ತಾ' ಅಂತಾನೆ."

ಭಾನುವಾರ ಅಪ್ಪ ಫೋನಿನಲ್ಲಿ ಯಾರ ಜೊತೆ ಅಷ್ಟು ಜೋರಾಗಿ ನಗುತ್ತಾನೆ ಅಂತ ಅವಳಿಗೆ ಈಗ ಗೊತ್ತಾಯಿತು. ಆದರೆ ಅದನ್ನು ಬರೆಯಲಿಲ್ಲ.

"ಸಾರ್, ಈ ಚಿಕ್ಕ ಟ್ರಂಕಿಗೂ ಜನರಲ್ ಅಂತಾನೇ ಬರೀಲಾ?" ಪೇಂಟರ್ ಕೇಳಿದ.

"ಅದು ಅವಳ ಟ್ರಂಕು. ಅವಳನ್ನೇ ಕೇಳಿ."

"ಮೆಣಸಿನಕಾಯಿ ಅಂತ ಬರೀರಿ."

"ಅಯ್ಯೋ, ತರಕಾರಿ ಲಾರಿಗೆ ಹಾಕಿಬಿಟ್ರೆ?"

"ದೊಡ್ಡದಾಗಿ ಬರೀರಿ," ಅಂದ ಅಪ್ಪ. ಅವನು ನಗಲಿಲ್ಲ.

ಬಿಳಿ ಅಕ್ಷರ ಒಂದೊಂದಾಗಿ ಮೂಡಿತು. ಅವಳು ಕೊನೆಯ ಅಕ್ಷರದವರೆಗೂ ನಿಂತು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?"

"ಹಲ್ಲಿ ಮನೆಗೆ. ಹೇಳಬೇಕು. ನಿನ್ನ ನಂಬರ್ ಕೊಡ್ಲಾ ಅವಳಿಗೆ?"

"ಕೊಡು."

"ಫೋನ್ ನೀನೇ ಎತ್ತಿದ್ರೂ 'ಏನೇ ಮೆಣಸಿನಕಾಯಿ' ಅಂತಾಳೆ ಅವಳು."

"ಅನ್ನಲಿ ಬಿಡು," ಅಂದ ಗೂಬೆ.

ಗೇಟು ದಾಟಿದ ಮೇಲೆ ಅವಳಿಗೆ ಅಳು ಬಂದೇಬಿಟ್ಟಿತು. ಆದರೂ ಹಲ್ಲಿಯ ಮನೆ ಕಡೆಗೇ ಓಡಿದಳು.